ಚಪ್ಪಟೆ ತಳದ ಕುಸಿತ, ಏಳು ಲೋಕ

ವೈಟ್‌ಫೀಲ್ಡ್ ದಾಟಿ ಹೊಸಕೋಟೆಗೆ ಬಂದು ಶಿಡ್ಲಘಟ್ಟ ರಸ್ತೆ ಹಿಡಿದರೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಆವರಣ ಸಿಗುತ್ತದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಇಲ್ಲಿಂದಲೇ. ಸುತ್ತ ಕಾರ್ಖಾನೆ, ಗೋದಾಮು, ಲಾರಿಗಳ ಸಾಲು. ಜಗತ್ತಿನ ಗಮನ ಸೆಳೆದ ಒಂದು ಗ್ರಹ ಕುಟುಂಬದ ಪತ್ತೆಯಲ್ಲಿ ಈ ದೂರದರ್ಶಕಕ್ಕೂ ಪಾಲಿದೆ.

2015ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಕಾಯೆಲ್ ಗಿಲೋನ್ ಅವರ ತಂಡ ಚಿಲಿಯ ಲಾ ಸಿಲ್ಲಾದಲ್ಲಿರುವ ಟ್ರ್ಯಾಪಿಸ್ಟ್ ಎಂಬ 60 ಸೆಂಟಿಮೀಟರ್ ದೂರದರ್ಶಕವನ್ನು ಕುಂಭ ರಾಶಿಯ ಒಂದು ಮಂಕು ನಕ್ಷತ್ರದತ್ತ ತಿರುಗಿಸಿತು. ದೂರ ಸುಮಾರು 40 ಜ್ಯೋತಿರ್ವರ್ಷ. ಗಾತ್ರ ಗುರುಗ್ರಹಕ್ಕಿಂತ ತುಸು ದೊಡ್ಡದು, ಅಷ್ಟೇ. ಅಳೆದ ಬೆಳಕನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ರೇಖೆ ಆಗಾಗ ಶೇ 1ಕ್ಕಿಂತಲೂ ಕಡಿಮೆ ಇಳಿದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಮೇಲೇರುತ್ತಿತ್ತು. ಕುಸಿತದ ಆಕಾರ ಬೋಗುಣಿಯಂತೆ: ಕಡಿದಾದ ಅಂಚು, ಸಪಾಟು ತಳ.

ಆ ಸಪಾಟು ತಳದಲ್ಲೇ ಸುದ್ದಿ ಇತ್ತು. ಗ್ರಹ ನಕ್ಷತ್ರದ ಬಿಂಬದೊಳಕ್ಕೆ ಪೂರ್ತಿ ಸರಿದ ಮೇಲೆ ಅದು ಮರೆಮಾಡುವ ಬೆಳಕು ಹೆಚ್ಚೂ ಆಗದು, ಕಡಿಮೆಯೂ ಆಗದು. ಬಿಂಬದ ಅಂಚು ನಡುವಿಗಿಂತ ಮಂಕಾಗಿರುವುದರಿಂದ ಸಾಮಾನ್ಯ ಬೆಳಕಿನಲ್ಲಿ ತಳ ಸ್ವಲ್ಪ ದುಂಡಗಾಗುತ್ತದೆ. ಅವಕೆಂಪಿನ ಕಡೆ ಹೋದಷ್ಟೂ ಚಪ್ಪಟೆಯಾಗುತ್ತದೆ. ಎರಡು ನಕ್ಷತ್ರಗಳು ಒಂದರ ಅಂಚನ್ನೊಂದು ಸವರಿ ಹೋದರೆ ಕುಸಿತ ಚೂಪು.

ಇಂಥ ಕುಸಿತವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹುಡುಕಲು ಹೊರಟವರು ರೇಖೆಯನ್ನು ಮೊದಲು ತಲೆಕೆಳಗು ಮಾಡುತ್ತಾರೆ, ಕುಸಿತ ಶಿಖರವಾಗುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ. 1, 2, 5, 5, 5, 2 ಎಂಬ ಸರಣಿ ತೆಗೆದುಕೊಳ್ಳಿ. ಸೈಪೈ ಗ್ರಂಥಾಲಯದ ಹಳೆಯ ಆರ್ಗ್‌ರೆಲ್‌ಮ್ಯಾಕ್ಸ್ ಇದರಲ್ಲಿ ಶಿಖರವೇ ಇಲ್ಲ ಎನ್ನುತ್ತದೆ. ಎರಡೂ ಪಕ್ಕದವರಿಗಿಂತ ದೊಡ್ಡದಾಗಿದ್ದರೆ ಮಾತ್ರ ಅದರ ಲೆಕ್ಕದಲ್ಲಿ ಶಿಖರ. ಇಲ್ಲಿ ಯಾವ 5ಕ್ಕೂ ಆ ಭಾಗ್ಯ ಇಲ್ಲ. 2018ರಲ್ಲಿ ಬಂದ ಫೈಂಡ್_ಪೀಕ್ಸ್ ಚಪ್ಪಟೆ ನೆತ್ತಿಯನ್ನೂ ಒಪ್ಪಿ ನಡುವಿನ 5ರ ಸ್ಥಾನ ಕೊಡುತ್ತದೆ. ಅದೇ ವರ್ಷದ ಕೊನೆಗೆ ಸೇರಿದ ಪ್ಲಾಟೋ_ಸೈಜ್ ಎಂಬ ಆಯ್ಕೆ ಬಳಸಿದರೆ ಸಪಾಟು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದೂ ತಿಳಿಯುತ್ತದೆ.

ಆದರೆ ಆಕಾಶದಿಂದ ಬರುವ ದತ್ತಾಂಶದಲ್ಲಿ 5, 5, 5 ಎಂದು ಒಂದೇ ಅಂಕಿ ಸಾಲಾಗಿ ಬರುವುದಿಲ್ಲ. ಗಾಳಿಯ ನಡುಕ, ಉಪಕರಣದ ಗದ್ದಲ ಸೇರಿ ತಳವೆಲ್ಲ ತರಿತರಿ. ಆದ್ದರಿಂದ ಖಗೋಳಜ್ಞರು ತುದಿ ಹುಡುಕುವುದನ್ನು ಬಿಟ್ಟು ಪೆಟ್ಟಿಗೆಯನ್ನೇ ಹೊಂದಿಸಿ ನೋಡುತ್ತಾರೆ. ಕೊವಾಚ್, ಜುಕರ್, ಮಜೆ 2002ರಲ್ಲಿ ಪ್ರಕಟಿಸಿದ ಈ ವಿಧಾನ ಈಗ ಪೈಥಾನ್‌ನ ಆಸ್ಟ್ರೋಪೈ ಗ್ರಂಥಾಲಯದಲ್ಲಿ ಸಿದ್ಧವಾಗಿ ಸಿಗುತ್ತದೆ. ಒಂದು ಅವಧಿಯನ್ನು ಊಹಿಸಿ ಇಡೀ ಸರಣಿಯನ್ನು ಅದರಂತೆ ಮಡಚಬೇಕು. ಮೇಲೊಂದು, ಕೆಳಗೊಂದು ಎಂದು ಎರಡೇ ಮಟ್ಟದ ಪೆಟ್ಟಿಗೆ ಎಲ್ಲಿ ಚೆನ್ನಾಗಿ ಕೂರುತ್ತದೆಂದು ನೋಡಬೇಕು. ಒಂದೊಂದೇ ಬಿಂದು ಸುಳ್ಳು ಹೇಳಬಹುದು, ಮಡಚಿದ ತಳದಲ್ಲಿ ಸೇರಿದ ನೂರಾರು ಬಿಂದುಗಳ ಸರಾಸರಿ ಅಷ್ಟು ಸುಲಭವಾಗಿ ಹೇಳದು.

ಅವಧಿ ಗಟ್ಟಿಯಾಗಬೇಕಾದರೆ ಬೇರೆ ರೇಖಾಂಶದ ಕಣ್ಣೂ ಬೇಕು. ಮೊದಲ ಗ್ರಹದ ಸುತ್ತು 1.51 ದಿನ, ನಕ್ಷತ್ರದ ಮುಂದೆ ಹಾದುಹೋಗುವ ಸಂಕ್ರಮಣ ಸುಮಾರು 36 ನಿಮಿಷ. ಚಿಲಿಯಲ್ಲಿ ಹಗಲಾದಾಗ ನಡೆದದ್ದು ಅಲ್ಲಿಗೆ ಕಾಣದು. ಹಾನ್ಲೆಗೂ ಲಾ ಸಿಲ್ಲಾಗೂ ಸುಮಾರು 10 ಗಂಟೆಯ ಅಂತರ. ಚಂದ್ರ ದೂರದರ್ಶಕ, ಹವಾಯಿಯ ಯುಕಿರ್ಟ್, ಚಿಲಿಯ ವಿಎಲ್‌ಟಿ ಅದೇ ನಕ್ಷತ್ರವನ್ನು ನೋಡಿದವು. ಬಣ್ಣ ಬದಲಿಸಿದರೂ ಆಳ ಬದಲಾಗಲಿಲ್ಲ; ಜೋಡಿ ನಕ್ಷತ್ರಗಳ ಆಟವಿದ್ದರೆ ಬದಲಾಗಬೇಕಿತ್ತು. 2016ರ ಮೇನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಡಿ. ಕೆ. ಸಾಹು ಒಬ್ಬರು. ಆಗ ಲೆಕ್ಕಕ್ಕೆ ಸಿಕ್ಕ ಗ್ರಹಗಳು ಮೂರು.

ಆ ಮೂರನೆಯದರ ಅವಧಿ ಮಾತ್ರ ಕೈಗೆ ಸಿಗಲಿಲ್ಲ. 2015ರ ಡಿಸೆಂಬರ್ 11ರಂದು ವಿಎಲ್‌ಟಿ ಕಂಡ ಕುಸಿತದ ತಳ ಸಪಾಟಾಗಿರದೆ ಮೆಟ್ಟಿಲು ಮೆಟ್ಟಿಲಾಗಿತ್ತು. 2016ರಲ್ಲಿ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಸುಮಾರು 20 ದಿನ ಬಹುಪಾಲು ಬಿಡದೆ ನೋಡಿದ ಮೇಲೆ ಗುಟ್ಟು ಬಯಲಾಯಿತು: ಅಂದು ಮೂರು ಗ್ರಹಗಳು ಒಂದರ ಬೆನ್ನಿಗೊಂದು ಅಡ್ಡ ಬಂದಿದ್ದವು. 2017ರ ಫೆಬ್ರವರಿ 22ರಂದು ಲೆಕ್ಕ ಏಳಕ್ಕೇರಿತು. ಆಳ ಎಷ್ಟು ಎಂದಷ್ಟೇ ಕೇಳುವ ಪ್ರೋಗ್ರಾಂ ಆ ಮೂರನ್ನು ಒಂದೆಂದು ಎಣಿಸುತ್ತಿತ್ತು. ತಳ ಎಲ್ಲಿಂದ ಎಲ್ಲಿಯವರೆಗೆ, ನಡುವೆ ಎಷ್ಟು ಸಲ ಮಟ್ಟ ಬದಲಿಸಿತು ಎಂದು ಕೇಳಿದರೆ ಮಾತ್ರ ಮೂರೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ.