ಹಾಸಿಗೆ ಇದ್ದಷ್ಟು ಕಾಲು ಚಾಚಿ: ಗೇಮಿಂಗ್ ಲ್ಯಾಪ್‌ಟಾಪ್ ಓವರ್‌ಕ್ಲಾಕ್ ಮಾಡೋ ಮುಂಚೆ

ಪೂರ್ತಿ ವಿಡಿಯೋ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗೆ, ಅಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಮೆಟ್ರೋದಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಕೂತು ಓದ್ಕೊಳ್ಳಿ.

ಈ ಸಲದ ವಿಷಯ ಬಂದಿದ್ದು ಪುಣೆಯಿಂದ. ಹಿಂಜವಡಿಯಲ್ಲಿ ಕೆಲಸ ಮಾಡೋ ದಾವಣಗೆರೆ ಕಡೆ ಹುಡುಗ ಒಬ್ಬ ಮೆಸೇಜ್ ಹಾಕಿದ್ದ: "ಅಣ್ಣಾ, ಆಟ ಶುರು ಮಾಡಿದ ಇಪ್ಪತ್ತೇ ನಿಮಿಷಕ್ಕೆ ಲ್ಯಾಪ್‌ಟಾಪ್ ಕುಂಟಾಕ್ ಹತ್ತೈತಿ. ಓವರ್‌ಕ್ಲಾಕ್ ಮಾಡ್ಬೇಕಂತೀನಿ. ಎಷ್ಟು ನಂಬರ್ ಹಾಕ್ಲಿ ಹೇಳ್ರಿ." ಆರ್‌ಟಿಎಕ್ಸ್ 3060 ಇರೋ ಲ್ಯಾಪ್‌ಟಾಪ್. 24 ತಿಂಗಳ ಇಎಂಐ, ಇನ್ನೂ ಏಳು ಕಂತು ಬಾಕಿ. ಹಗಲು ಸಪೋರ್ಟ್ ಕೆಲಸ. ರಾತ್ರಿ ಇದೇ ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರ್ ಕಲಿತಿದ್ದಾನೆ, ಆ ಕಡೆ ಕೆಲಸ ಹಿಡೀಬೇಕು ಅಂತ. ಅಂದ್ರೆ ಇದು ಆಟದ ಸಾಮಾನು ಮಾತ್ರ ಅಲ್ಲ. ಇದು ಕೆಟ್ಟರೆ ಕಂತೂ ಕಟ್ಟಬೇಕು, ಕಲಿಯೋದೂ ನಿಲ್ಲತ್ತೆ.

ನಾನು ನಂಬರ್ ಹೇಳಲಿಲ್ಲ. "ಮೊದಲು ಲ್ಯಾಪ್‌ಟಾಪ್ ಎಲ್ಲಿಟ್ಟು ಆಡ್ತೀಯಪ್ಪಾ?" ಅಂತ ಕೇಳಿದೆ. "ಹಾಸಿಗೆ ಮ್ಯಾಲೆ ಅಣ್ಣಾ" ಅಂದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಈ ಯಂತ್ರಕ್ಕೂ ಹೊಂದತ್ತೆ. ಹೇಗೆ ಅಂತ ಹೇಳ್ತೀನಿ.

ಕಾರ್ಡ್ ಯಾಕೆ ನಿಧಾನ ಆಗತ್ತೆ?

ಗ್ರಾಫಿಕ್ಸ್ ಕಾರ್ಡ್ ಒಂದೇ ವೇಗದಲ್ಲಿ ಓಡಲ್ಲ. ಜಾಗ ಸಿಕ್ಕಷ್ಟೂ ಕ್ಲಾಕ್ ತಾನೇ ಏರಿಸ್ಕೊಳ್ಳತ್ತೆ, ಯಾವುದಾದ್ರೂ ಗೋಡೆಗೆ ಬಡಿದ ತಕ್ಷಣ ಇಳಿಸ್ಕೊಳ್ಳತ್ತೆ. ಮುಖ್ಯವಾದ ಗೋಡೆ ಮೂರು: ಬಿಸಿ, ವ್ಯಾಟ್, ವೋಲ್ಟೇಜ್.

ಡೆಸ್ಕ್‌ಟಾಪ್‌ನಲ್ಲಿ ಕಾರ್ಡ್‌ಗೆ ಅದರದ್ದೇ ದೊಡ್ಡ ಹೀಟ್‌ಸಿಂಕ್, ಅದರದ್ದೇ ಫ್ಯಾನ್. ಲ್ಯಾಪ್‌ಟಾಪ್ ಕೂಡುಕುಟುಂಬ ಇದ್ದ ಹಾಗೆ. ಸಿಪಿಯು, ಜಿಪಿಯು ಎರಡೂ ಸಾಮಾನ್ಯವಾಗಿ ಅದೇ ತಾಮ್ರದ ಹೀಟ್‌ಪೈಪ್‌ಗಳನ್ನ, ಅದೇ ಎರಡು ಫ್ಯಾನ್‌ಗಳನ್ನ ಹಂಚಿಕೊಳ್ತವೆ. ಒಬ್ಬರು ಬೆವರಿದ್ರೆ ಇನ್ನೊಬ್ಬರಿಗೂ ಸೆಕೆ.

ವ್ಯಾಟ್ ಕಥೆಯನ್ನೂ ತಿಳ್ಕೊಳ್ಳಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3060ಗೆ ಎನ್‌ವಿಡಿಯಾ ಕೊಟ್ಟಿರೋ ಮಿತಿ 60ರಿಂದ 115 ವ್ಯಾಟ್. 4060ಗೆ 35ರಿಂದ 115. ಈ ವ್ಯಾಪ್ತಿಯಲ್ಲಿ ಎಷ್ಟು ಕೊಡಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡಿದ ಕಂಪನಿಯ ನಿರ್ಧಾರ. ಅದಕ್ಕೇ ಒಂದೇ ಹೆಸರಿನ ಕಾರ್ಡ್ ನಿಮ್ಮ ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ಓಡತ್ತೆ, ನಿಮ್ಮದ್ರಲ್ಲಿ ಏದುಸಿರು ಬಿಡತ್ತೆ. ಡೆಸ್ಕ್‌ಟಾಪ್‌ನವರ ಹಾಗೆ ಪವರ್ ಲಿಮಿಟ್ ಸ್ಲೈಡರ್ ಎಳೆಯೋಣ ಅಂದ್ರೆ, ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಬೀಗ ಹಾಕಿರ್ತಾರೆ. ಆ ಹಾಸಿಗೆ ಉದ್ದ ಆಗಲ್ಲ.

ಮೊದಲು ಅಳತೆ, ಆಮೇಲೆ ಔಷಧಿ

ಎಚ್‌ಡಬ್ಲ್ಯೂಇನ್ಫೋ 64 ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರ ಸೆನ್ಸರ್ ಕಿಟಕಿ ತೆರೆದಿಟ್ಟು, ನೀವು ದಿನಾ ಆಡೋ ಆಟವನ್ನೇ ಅರ್ಧ ಗಂಟೆ ಆಡಿ. ಐದು ನಿಮಿಷ ಸಾಲಲ್ಲ, ಲೋಹ ಪೂರ್ತಿ ಕಾಯೋಕೆ ಸಮಯ ಬೇಕು. ಆಮೇಲೆ ಇಷ್ಟನ್ನ ಬರೆದಿಟ್ಟುಕೊಳ್ಳಿ: ಜಿಪಿಯು ತಾಪಮಾನ, ಹಾಟ್‌ಸ್ಪಾಟ್ ತಾಪಮಾನ, ಜಿಪಿಯು ಪವರ್, ಕ್ಲಾಕ್, ವೋಲ್ಟೇಜ್. ಜೊತೆಗೆ "ಪರ್ಫಾರ್ಮೆನ್ಸ್ ಲಿಮಿಟ್" ಅನ್ನೋ ಸಾಲುಗಳಿರ್ತವೆ. ಥರ್ಮಲ್, ಪವರ್, ವೋಲ್ಟೇಜ್ ಇವುಗಳಲ್ಲಿ ಯಾವುದರ ಮುಂದೆ ಯೆಸ್ ಬಂದಿದೆ ಅಂತ ನೋಡಿ. ನೀವು ಬಡಿದಿರೋ ಗೋಡೆ ಅದೇ.

ನಮ್ಮ ಹುಡುಗ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಜಿಪಿಯು 87 ಡಿಗ್ರಿ, ಹಾಟ್‌ಸ್ಪಾಟ್ 100, ಥರ್ಮಲ್ ಮುಂದೆ ಯೆಸ್. ಶುರುವಿನಲ್ಲಿ 1700 ಮೆಗಾಹರ್ಟ್ಸ್ ಇದ್ದ ಕ್ಲಾಕ್ 1400ಕ್ಕೆ ಇಳಿದಿತ್ತು. 87 ಅನ್ನೋದು ಬಹಳ ಲ್ಯಾಪ್‌ಟಾಪ್ ಕಾರ್ಡ್‌ಗಳಿಗೆ ಹಾಕಿಟ್ಟಿರೋ ಗಡಿ. ಅಲ್ಲಿಗೆ ಬಂದ ಮೇಲೆ ಕಾರ್ಡ್ ತನ್ನನ್ನ ತಾನು ಕಾಪಾಡಿಕೊಳ್ಳೋಕೆ ವೇಗ ಬಿಟ್ಟುಕೊಡತ್ತೆ. ಯೋಚನೆ ಮಾಡಿ: ಈಗಾಗಲೇ 300 ಮೆಗಾಹರ್ಟ್ಸ್ ಕಳ್ಕೊಂಡಿರೋ ಕಾರ್ಡ್‌ಗೆ ಮೇಲಿಂದ 100 ಸೇರಿಸಿ ಏನು ಪ್ರಯೋಜನ? ಮೊದಲು ಆ 300 ವಾಪಸ್ ತರಬೇಕು.

ಹಾಟ್‌ಸ್ಪಾಟ್ ಬಗ್ಗೆ ಒಂದು ಮಾತು. ಅದು ಚಿಪ್‌ನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ. ಕೋರ್‌ಗಿಂತ 10ರಿಂದ 15 ಡಿಗ್ರಿ ಜಾಸ್ತಿ ಇದ್ರೆ ಸಹಜ. ಅಂತರ 25 ದಾಟಿದ್ರೆ, ಥರ್ಮಲ್ ಪೇಸ್ಟ್ ಹೋಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಂತ ಅನುಮಾನ ಪಡಬೇಕು. ಇವನದ್ದು 13, ಪೇಸ್ಟ್ ಸರಿ ಇತ್ತು. ಕೆಲವು ಕಾರ್ಡ್‌ಗಳಲ್ಲಿ ಈ ಅಂಕಿ ಕಾಣಿಸಲ್ಲ, ತಲೆ ಕೆಡಿಸ್ಕೋಬೇಡಿ.

ದುಡ್ಡು ಖರ್ಚಿಲ್ಲದೆ ಬಿಸಿ ಇಳಿಸೋದು

ಗೇಮಿಂಗ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಅಡಿಯಿಂದ ಗಾಳಿ ಎಳ್ಕೊಂಡು ಹಿಂದೆ, ಪಕ್ಕದಲ್ಲಿ ಬಿಡತ್ತೆ. ಹಾಸಿಗೆ ಮೇಲಿಟ್ರೆ ಅದರ ಮೂಗು ಮುಚ್ಚಿದ ಹಾಗೆ. ಗಟ್ಟಿ ಮೇಜಿನ ಮೇಲಿಡಿ, ಹಿಂಭಾಗದ ಕೆಳಗೆ ಎರಡು ಬಾಟಲ್ ಮುಚ್ಚಳ ಇಟ್ಟು ಎತ್ತರ ಮಾಡಿ. ಎರಡು ಸಾವಿರದ ಕೂಲಿಂಗ್ ಪ್ಯಾಡ್ ಕೊಳ್ಳೋ ಮುಂಚೆ ಇದನ್ನ ಮಾಡಿ ಅಳತೆ ನೋಡಿ.

ಎರಡನೇದು ಧೂಳು. ಫ್ಯಾನ್‌ಗೂ ಹೀಟ್‌ಸಿಂಕ್ ರೆಕ್ಕೆಗಳಿಗೂ ಮಧ್ಯೆ ಧೂಳು ಕಂಬಳಿ ಥರ ಕೂತಿರತ್ತೆ. ಬಾಗಿಲ ಆಚೆ ಯಾವಾಗ್ಲೂ ಒಂದು ಕಟ್ಟಡ ಏಳ್ತಾ ಇರೋ ನಮ್ಮ ಐಟಿ ಏರಿಯಾಗಳಲ್ಲಿ ಕೇಳಬೇಕಾ? ಕ್ಲೀನ್ ಮಾಡುವಾಗ ಲ್ಯಾಪ್‌ಟಾಪ್ ಪೂರ್ತಿ ಆಫ್ ಇರಲಿ, ಚಾರ್ಜರ್ ತೆಗೆದಿರಲಿ. ಬ್ಲೋವರ್‌ನಿಂದ ಗಾಳಿ ಹೊಡೆಯುವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಹಿಡ್ಕೊಳ್ಳಿ, ಇಲ್ಲಾಂದ್ರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗಬಹುದು. ವಾರಂಟಿ ಇದ್ರೆ ಹಿಂದಿನ ಮುಚ್ಚಳ ಬಿಚ್ಚೋ ಮುಂಚೆ ಅದರ ಷರತ್ತು ಓದಿ.

ಮೂರನೇದು ಕೋಣೆ. ವ್ಯಾಟ್ ಅಷ್ಟೇ ಇದ್ರೆ, ಕೋಣೆ ಎಷ್ಟು ಡಿಗ್ರಿ ಏರತ್ತೋ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರತ್ತೆ. ನಾನಿರೋದು ಚೆನ್ನೈನಲ್ಲಿ. ಜನವರಿಯಲ್ಲಿ ಮಾಡಿದ ಸೆಟ್ಟಿಂಗ್ ಅಗ್ನಿ ನಕ್ಷತ್ರದ ಮೇ ತಿಂಗಳಲ್ಲಿ ನಿಲ್ಲಲ್ಲ. ಡೆಲ್ಲಿಯಲ್ಲಿರೋರು ಚಳಿಗಾಲದ ನಂಬರ್ ನಂಬಿ ಜೂನ್‌ನಲ್ಲಿ ಆಡಬೇಡಿ. ಯಾವಾಗ್ಲೂ ಬೇಸಿಗೆಯ ಕೋಣೆಗೆ ತಕ್ಕ ಹಾಗೆ ಸೆಟ್ ಮಾಡಿ.

ನಾಲ್ಕನೇದು ಫ್ರೇಮ್ ಮಿತಿ. ನಿಮ್ಮ ಪರದೆ 144 ಹರ್ಟ್ಸ್ ಆಗಿದ್ದು, ಆಟ 200 ಫ್ರೇಮ್ ಕೊಡ್ತಿದ್ರೆ ಮೇಲಿನದ್ದರಲ್ಲಿ ಬಹುಪಾಲು ಬರೀ ಶಾಖ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಹಾಕಿ. ಕಥೆ ಇರೋ ಆಟಕ್ಕೆ ಒಂದೇ ಸಮ 70 ಬಂದ್ರೆ, 90ಕ್ಕೂ 55ಕ್ಕೂ ಮಧ್ಯೆ ಕುಣಿಯೋದಕ್ಕಿಂತ ಎಷ್ಟೋ ಮೇಲು.

ಐದನೇದು ಸಿಪಿಯು. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನೋದು ನಿಮಗೆ ಕಾಣಿಸಿದ್ರೆ, 100ರ ಬದಲು 99 ಮಾಡಿ. ಟರ್ಬೋ ಬೂಸ್ಟ್ ನಿಂತು ಸಿಪಿಯು ಗಣನೀಯವಾಗಿ ತಣ್ಣಗಾಗತ್ತೆ, ಆ ಜಾಗ ಜಿಪಿಯುಗೆ ಸಿಗತ್ತೆ. ಆದ್ರೆ ಕೌಂಟರ್ ಸ್ಟ್ರೈಕ್ 2 ಥರ ಸಿಪಿಯು ಮೇಲೆ ನಿಂತಿರೋ ಆಟಗಳಲ್ಲಿ ಫ್ರೇಮ್ ಕಮ್ಮಿ ಆಗತ್ತೆ. ಎರಡೂ ರೀತಿ ಆಡಿ ನೋಡಿ.

ಅಂಡರ್‌ವೋಲ್ಟ್: ಅದೇ ವೇಗ, ಕಮ್ಮಿ ಬಿಸಿ

ಚಿಪ್ ಬಳಸೋ ಶಕ್ತಿ ಕ್ಲಾಕ್‌ಗೆ ನೇರವಾಗಿ ಏರತ್ತೆ, ಆದ್ರೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕ ಹಾಗೆ ಏರತ್ತೆ. ಅದೇ ಕ್ಲಾಕ್ ಇಟ್ಕೊಂಡು 900 ಮಿಲಿವೋಲ್ಟ್‌ನಿಂದ 800ಕ್ಕೆ ಇಳಿಸಿದ್ರೆ, ಲೆಕ್ಕದ ಪ್ರಕಾರ ಸ್ವಿಚಿಂಗ್‌ಗೆ ಹೋಗೋ ಶಕ್ತಿ ಸುಮಾರು 21 ಶೇಕಡಾ ಉಳಿಯತ್ತೆ. ಕಾರ್ಖಾನೆಯವರು ಪ್ರತಿ ಚಿಪ್ಪೂ ಎಲ್ಲಾ ಪರಿಸ್ಥಿತಿಯಲ್ಲೂ ನಡೀಲಿ ಅಂತ ಸ್ವಲ್ಪ ಧಾರಾಳವಾಗಿ ವೋಲ್ಟೇಜ್ ಇಟ್ಟಿರ್ತಾರೆ. ನಾವು ಹುಡುಕೋದು ಆ ಧಾರಾಳವನ್ನ.

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ. ಲ್ಯಾಪ್‌ಟಾಪ್ ಯಾವ ಕಂಪನಿಯದ್ದಾದ್ರೂ ಪರವಾಗಿಲ್ಲ. ಕೋರ್ ಕ್ಲಾಕ್‌ಗೆ ಮೈನಸ್ 250 ಕೊಟ್ಟು ಅಪ್ಲೈ ಮಾಡಿ. ಕಂಟ್ರೋಲ್ ಮತ್ತು ಎಫ್ ಒತ್ತಿದ್ರೆ ಒಂದು ಗ್ರಾಫ್ ಬರತ್ತೆ: ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ಕ್ಲಾಕ್. ಆಟದ ಹೊತ್ತಲ್ಲಿ ನಿಮ್ಮ ಕಾರ್ಡ್ ಯಾವ ವೋಲ್ಟೇಜ್‌ನಲ್ಲಿ ಯಾವ ಕ್ಲಾಕ್‌ಗೆ ನಿಂತಿತ್ತು ಅಂತ ಮೊದಲೇ ಬರೆದಿಟ್ಟಿದ್ದೀರಲ್ಲ, ಅದಕ್ಕಿಂತ 50 ಮಿಲಿವೋಲ್ಟ್ ಕಮ್ಮಿ ಇರೋ ಚುಕ್ಕೆ ಹಿಡಿದು ಅದೇ ಕ್ಲಾಕ್‌ವರೆಗೆ ಮೇಲಕ್ಕೆಳೆಯಿರಿ. ಮತ್ತೆ ಅಪ್ಲೈ. ಬಲಗಡೆ ಗೆರೆ ಚಪ್ಪಟೆ ಆಯ್ತಾ ನೋಡಿ. ಇನ್ನು ಕಾರ್ಡ್ ಅದಕ್ಕಿಂತ ಮೇಲೆ ಹೋಗಲ್ಲ. ಅರ್ಧ ಗಂಟೆ ಆಡಿ, ಸರಿ ಇದ್ರೆ ಇನ್ನೊಂದು 25 ಇಳಿಸಿ. ಆಟ ಡೆಸ್ಕ್‌ಟಾಪ್‌ಗೆ ಬಿದ್ರೆ ಒಂದು ಮೆಟ್ಟಿಲು ವಾಪಸ್ ಬನ್ನಿ.

ಇಲ್ಲಿ ಒಂದು ಗುಟ್ಟಿದೆ. ಕೋರ್‌ಗೆ ಪ್ಲಸ್ 100 ಕೊಟ್ಟು ಓವರ್‌ಕ್ಲಾಕ್ ಮಾಡೋದೂ ಇದೇ ಗೆರೆಯನ್ನೇ ಮೇಲಕ್ಕೆತ್ತೋ ಕೆಲಸ. ಪ್ರತಿ ವೋಲ್ಟೇಜ್‌ಗೂ 100 ಮೆಗಾಹರ್ಟ್ಸ್ ಜಾಸ್ತಿ ಕೇಳ್ತೀರಿ, ಅಷ್ಟೇ. ಎರಡೂ ಚಿಪ್‌ನ ಅದೇ ಧಾರಾಳವನ್ನೇ ಬಳಸ್ಕೊಳ್ಳೋದು. ಓವರ್‌ಕ್ಲಾಕ್ ಅದನ್ನ ವೇಗಕ್ಕೆ ಖರ್ಚು ಮಾಡತ್ತೆ, ಅಂಡರ್‌ವೋಲ್ಟ್ ತಂಪಿಗೆ ಉಳಿಸತ್ತೆ. ಬಿಸಿಯ ಗೋಡೆಗೆ ಬಡಿದಿರೋ ಲ್ಯಾಪ್‌ಟಾಪ್‌ನಲ್ಲಿ ಉಳಿಸಿದ್ದೇ ವೇಗವಾಗಿ ವಾಪಸ್ ಬರತ್ತೆ.

ಇಷ್ಟಾದ ಮೇಲೂ ಬೇಕೇ ಬೇಕು ಅಂದ್ರೆ

ತಾಪಮಾನ 80ರ ಒಳಗೆ ನಿಂತಿದ್ರೆ ಮಾತ್ರ ಮುಂದೆ ಹೋಗಿ. ಕೋರ್ 15 ಮೆಗಾಹರ್ಟ್ಸ್ ಮೆಟ್ಟಿಲಲ್ಲಿ ಏರಿಸಿ, ಮೆಮೊರಿ 100ರ ಮೆಟ್ಟಿಲಲ್ಲಿ. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ, ತಪ್ಪು ಯಾರದ್ದು ಅಂತ ಗೊತ್ತಾಗಲ್ಲ. ಪ್ರತಿ ಮೆಟ್ಟಿಲಿಗೂ ಅಂಕ ಬರೆದಿಡಿ.

ಮೆಮೊರಿ ವಿಷಯದಲ್ಲಿ ನಾನೇ ಮೋಸ ಹೋಗಿದ್ದೆ. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಪ್ಲಸ್ 1000 ಕೊಟ್ಟು, ಕ್ರ್ಯಾಶ್ ಆಗಲಿಲ್ಲ ಅಂತ ಬೀಗಿದೆ. ತಿಂಗಳಾದ ಮೇಲೆ ಅಳೆದು ನೋಡಿದ್ರೆ ಅಂಕ ಮೊದಲಿಗಿಂತ ಕಮ್ಮಿ! ಕಾರಣ ಎರಡು ಇರಬಹುದು. ಮೆಮೊರಿಗೂ ಕೋರ್‌ಗೂ ವ್ಯಾಟ್ ಬರೋದು ಒಂದೇ ಡಬ್ಬಿಯಿಂದ, ಅಲ್ಲಿ ಜಾಸ್ತಿ ತಿಂದ್ರೆ ಇಲ್ಲಿ ಕಮ್ಮಿ. ಮತ್ತೆ ಹೊಸ ಮೆಮೊರಿಗಳು ಡೇಟಾ ತಪ್ಪಿದ್ರೆ ಮತ್ತೊಮ್ಮೆ ಕಳಿಸ್ಕೊಳ್ತವೆ, ಆಗ ಕ್ರ್ಯಾಶ್ ಆಗಲ್ಲ, ಸುಮ್ಮನೆ ನಿಧಾನ ಆಗತ್ತೆ. ಹಾಗಾಗಿ ಬೀಳಲಿಲ್ಲ ಅನ್ನೋದು ಸಾಲಲ್ಲ, ಅಂಕ ಏರಿದೆಯಾ ನೋಡಬೇಕು.

ಪರದೆ ಮೇಲೆ ಬಣ್ಣದ ಚುಕ್ಕಿ, ಮಿನುಗು ಕಂಡ್ರೆ ತಕ್ಷಣ ಇಳಿಸಿ. ಪರದೆ ಕಪ್ಪಾಗಿ ನಿಂತ್ರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರು ಆಗತ್ತೆ. ಆಫ್ಟರ್‌ಬರ್ನರ್‌ನಲ್ಲಿ "ವಿಂಡೋಸ್ ಶುರುವಾದಾಗಲೇ ಹಾಕು" ಅನ್ನೋ ಗುಂಡಿಯನ್ನ ಒಂದು ವಾರ ಸರಿಯಾಗಿ ನಡೆದ ಮೇಲೇ ಒತ್ತಿ. ಇಲ್ಲಾಂದ್ರೆ ಕೆಟ್ಟ ಸೆಟ್ಟಿಂಗ್ ಪ್ರತಿ ಸಲ ಎದ್ದು ಬರತ್ತೆ.

ಬ್ಲೆಂಡರ್ ರೆಂಡರ್, ಮಾಡೆಲ್ ಟ್ರೇನಿಂಗ್ ಮಾಡೋರು ಅದಕ್ಕೆ ಬೇರೆ ಪ್ರೊಫೈಲ್ ಇಡಿ, ಅದರಲ್ಲಿ ಓವರ್‌ಕ್ಲಾಕ್ ಬೇಡ. ಆಟ ಬಿದ್ರೆ ಐದು ನಿಮಿಷ ನಷ್ಟ. ರೆಂಡರ್ ಬೆಳಗಿನ ಜಾವ ನಾಲ್ಕಕ್ಕೆ ಬಿದ್ರೆ ಇಡೀ ರಾತ್ರಿ ದಂಡ.

ಮಾಡಲೇಬಾರದ್ದು

ಬೇರೆ ಲ್ಯಾಪ್‌ಟಾಪ್‌ನ ವಿಬಯೋಸ್ ತಂದು ಹಾಕಬೇಡಿ, ಕಾರ್ಡ್ ಸತ್ತರೆ ಬೋರ್ಡ್ ಪೂರ್ತಿ ಹೋದ ಲೆಕ್ಕ, ಯಾಕಂದ್ರೆ ಜಿಪಿಯು ಅದಕ್ಕೇ ಬೆಸೆದಿರತ್ತೆ. ಲಿಕ್ವಿಡ್ ಮೆಟಲ್ ಮನೆಯಲ್ಲಿ ಹಚ್ಚಬೇಡಿ, ಅದು ವಿದ್ಯುತ್ ಹರಿಸತ್ತೆ, ಅದರಲ್ಲಿರೋ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನ ತಿನ್ನತ್ತೆ. ಪೇಸ್ಟ್ ಬದಲಿಸಲೇಬೇಕಾದ್ರೆ ಹನಿವೆಲ್‌ನ ಪಿಟಿಎಂ 7950 ಥರದ ಹಾಳೆ ಹಾಕಿಸಿ. ಅದು ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಹರಡಿಕೊಳ್ಳತ್ತೆ, ಬೇಗ ಒಣಗಲ್ಲ. ಸದಾ ಚಾರ್ಜರ್‌ನಲ್ಲೇ ಇರೋ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಮಿತಿ 80ಕ್ಕೆ ಇಡಿ, ಬಿಸಿ ಮತ್ತು ಪೂರ್ತಿ ಚಾರ್ಜ್ ಎರಡೂ ಸೇರಿದ್ರೆ ಬ್ಯಾಟರಿ ಬೇಗ ಮುದಿಯಾಗತ್ತೆ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡ್ರೆ ಬಳಸೋದು ನಿಲ್ಲಿಸಿ, ಸರ್ವಿಸ್‌ಗೆ ಕೊಡಿ. ಮತ್ತೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇದ್ಯಾವುದೂ ಬೇಡ. ಕೆಲಸಕ್ಕೇ ಕುತ್ತು.

ಹಿಂಜವಡಿಯ ಹುಡುಗ ಏನು ಮಾಡಿದ?

ಹಾಸಿಗೆಯಿಂದ ಇಳಿಸಿ, ಮಡಚೋ ಮೇಜು ತಂದ. ಧೂಳು ತೆಗೆಸಿದ. 1650 ಮೆಗಾಹರ್ಟ್ಸ್‌ಗೆ ಅಂಡರ್‌ವೋಲ್ಟ್ ಮಾಡಿ, ಫ್ರೇಮ್ 75ಕ್ಕೆ ಕಟ್ಟಿದ. ಎರಡು ವಾರದ ಮೇಲೆ ಬಂದ ಸ್ಕ್ರೀನ್‌ಶಾಟ್‌ನಲ್ಲಿ 77 ಡಿಗ್ರಿ, ಅರ್ಧ ಗಂಟೆಯಾದ್ರೂ ಕ್ಲಾಕ್ 1650ರಿಂದ ಅಲ್ಲಾಡಿರಲಿಲ್ಲ. ಕೆಳಗೆ ಬರೆದಿದ್ದ: "ಅಣ್ಣಾ, ಫ್ಯಾನ್ ಸದ್ದೂ ಕಮ್ಮಿ ಆತು. ರೂಮ್‌ಮೇಟ್ ಬೈಯೋದು ಬಿಟ್ಟಾನ. ಓವರ್‌ಕ್ಲಾಕ್ ಯಾವಾಗ ಮಾಡೋಣ್ರಿ?"

"ಕಂತು ಮುಗೀಲಿ ತಡಿಯಪ್ಪಾ" ಅಂದೆ.

ನೀವೂ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಏನನ್ನೂ ಬದಲಾಯಿಸಬೇಡಿ, ಅರ್ಧ ಗಂಟೆ ಆಡಿ ಅಳತೆ ಮಾತ್ರ ತಗೊಳ್ಳಿ. ನಿಮ್ಮ ಹಾಸಿಗೆ ಎಷ್ಟುದ್ದ ಅಂತ ಗೊತ್ತಾಗತ್ತೆ.