ಹಂಚಿಕೊಂಡ ಸೂತ್ರ, ಸ್ವಂತದ ಅಂಕಿ

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಕೆರೆಗಳಿಗೂ, 1907ರಲ್ಲಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೂ ನೀರಿನ ಲೆಕ್ಕವಿಡಲು ಗಣಕಯಂತ್ರಕ್ಕೊಂದು ಕ್ರಮವಿಧಿಯನ್ನು ನಾವು ರಚಿಸುವೆವೆನ್ನೋಣ. ಕೋಡಿ ಬೀಳಲು ಎಷ್ಟು ಅಡಿ ಉಳಿದಿದೆಯೆಂಬ ಸೂತ್ರ ಎಲ್ಲಕ್ಕೂ ಒಂದೇ: ಪೂರ್ಣಮಟ್ಟದಿಂದ ಇಂದಿನ ಮಟ್ಟವನ್ನು ಕಳೆಯುವುದು. ಇದನ್ನು ಎರಡೆಡೆ ನಕಲು ಮಾಡಿ, ಮುಂದೆ ಒಂದೆಡೆ ಮಾತ್ರ ತಿದ್ದಿದರೆ ನೆರೆಯ ಎಚ್ಚರಿಕೆಯೇ ತಪ್ಪೀತು.

ವರ್ಗವೆಂದರೆ ಒಂದೇ ಬಗೆಯ ವಸ್ತುಗಳ ಅಚ್ಚು. ಸೂತ್ರವನ್ನು ‘ಜಲಾಶಯ’ವೆಂಬ ಮೂಲವರ್ಗದಲ್ಲಿ ಒಮ್ಮೆ ಬರೆದರೆ ‘ಕೆರೆ’, ‘ಅಣೆಕಟ್ಟು’ ಎಂಬ ಉಪವರ್ಗಗಳಿಗೆ ಅದು ಬಳುವಳಿಯಾಗಿ ಬರುತ್ತದೆ. ಅಣೆಕಟ್ಟು ತನ್ನ ನಾಲೆಗಳ ಲೆಕ್ಕವನ್ನಷ್ಟೇ ಸೇರಿಸಿಕೊಳ್ಳುತ್ತದೆ. ನಾರ್ವೆಯ ದಾಲ್ ಮತ್ತು ನ್ಯೂಗೋರ್ 1967ರ ತಮ್ಮ ಸಿಮ್ಯುಲಾ ಭಾಷೆಯಲ್ಲಿ ಈ ಏರ್ಪಾಡನ್ನು ತಂದರು.

ಸೂತ್ರ ಹಂಚಿಕೆಯದಾದರೂ ಅಂಕಿ ಸ್ವಂತದ್ದು. ಸಾಗರದ ಪೂರ್ಣಮಟ್ಟವಾದ 130 ಅಡಿ ಸಾಗರದ್ದೇ. ಮಟ್ಟವನ್ನೂ ಹಂಚಿದರೆ, ಒಂದು ಕೆರೆ ತುಂಬಿದೊಡನೆ ಬತ್ತಿದ ಕೆರೆಗಳೂ ತುಂಬಿದಂತೆ ತೋರುವುವು! ಅಡಿಗೆ 12 ಅಂಗುಲವೆಂಬಂತಹ, ಎಲ್ಲಕ್ಕೂ ಸಮನಾದ ಅಂಕಿಯನ್ನು ಮಾತ್ರ ಹಂಚುವುದು ಕ್ಷೇಮ.