ಮಾಗಿಯ ಚಳಿ, ಹನ್ನೆರಡು ಚಿತ್ರಗಳು

ಮಾಗಿಯ ಚಳಿ ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಎರೆನಾಡಿನ ದಿನಚರಿಯೇ ಬೇರೆಯಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಎದ್ದ ಹಿರಿಯರು ಕಂಬಳಿ ಹೊದ್ದು, ಕಟ್ಟೆಯ ಮುಂದೆ ಕಸಕಡ್ಡಿಗೆ ಬೆಂಕಿ ಹಚ್ಚಿ ಕೈಕಾಲು ಕಾಯಿಸಿಕೊಳ್ಳುತ್ತಾರೆ. ಮಕ್ಕಳು ಕೌದಿಯೊಳಗಿಂದ ಹೊರಬರಲು ಒಪ್ಪುವುದಿಲ್ಲ. ಹಂಡೆಯ ನೀರು ಕಾದು, ಸ್ನಾನ ಮುಗಿದು, ಲಿಂಗಪೂಜೆಯ ವಿಭೂತಿ ಹಣೆಯ ಮೇಲೆ ಆರುವಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತದೆ. ಹೊರಗೆ ಹೊಲದಲ್ಲಿ ಮಳೆ ನಿಂತು ತಿಂಗಳುಗಳೇ ಕಳೆದಿರುತ್ತವೆ. ಆದರೂ ಕರಿಯ ನೆಲದಲ್ಲಿ ಉಳಿದ ಹಸಿಯನ್ನೂ ಬೆಳಗಿನ ಇಬ್ಬನಿಯನ್ನೂ ನಂಬಿಕೊಂಡು ಬಿಳಿಜೋಳ, ಕಡಲೆ, ಕುಸುಬೆ, ಗೋದಿಗಳು ತಲೆಯೆತ್ತಿ ನಿಂತಿರುತ್ತವೆ.

ಚಳಿಗಾಲವೆಂದರೆ ನಮ್ಮಲ್ಲಿ ಹಬ್ಬ-ಜಾತ್ರೆಗಳ ಕಾಲವೂ ಹೌದು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನಸಾಗರ ಹರಿಯುತ್ತದೆ. ರಾಮದುರ್ಗ ತಾಲೂಕಿನ ಗೊಡಚಿಯಲ್ಲಿ ವೀರಭದ್ರೇಶ್ವರನ ಜಾತ್ರೆ ನೆರೆಯುತ್ತದೆ. ಅದಾಗಿ ಹದಿನೈದು ದಿನಕ್ಕೆ ಎಳ್ಳಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಭೂತಾಯಿಗೆ ಕೈಮುಗಿದು, ಮರದ ನೆರಳಿನಲ್ಲಿ ಸಾಲಾಗಿ ಕುಳಿತು ಉಣ್ಣುತ್ತಾರೆ. ಅದರ ಬೆನ್ನಿಗೇ ಸಂಕ್ರಮಣದ ಕುಸುರೆಳ್ಳು, ಬನದ ಹುಣ್ಣಿಮೆ. ಹೊಲದಲ್ಲಿ ಸುಲಗಾಯಿ, ಹಾಲುಗಾಳಿನ ಜೋಳದ ಸೀತನಿ; ಸಂತೆಯಲ್ಲಿ ಬಾರಿಹಣ್ಣು.

ಇಂತಹದೇ ಒಂದು ಚಳಿಗಾಲದಲ್ಲಿ, ೧೯೭೮ರ ಡಿಸೆಂಬರಿನಲ್ಲಿ, ನಮ್ಮ ಮನೆಗೆ ಮೊದಲ ಕ್ಯಾಮರಾ ಬಂದಿತು. ಅದು ತಂದ ಸಂಭ್ರಮವನ್ನೂ, ಅದರಿಂದ ನಾವು ತೀರ ತಡವಾಗಿ ಕಲಿತ ಒಂದು ಪಾಠವನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಕ್ಯಾಮರಾ ಬಂದ ದಿನ

ನಮ್ಮ ಊರು ಬೈಲಹೊಂಗಲಕ್ಕೂ ಸವದತ್ತಿಗೂ ನಡುವಿನ ಒಂದು ಹಳ್ಳಿ. ನಾವು ಆಗ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದೆವು. ಶಾಲಾ ಮಾಸ್ತರರಾಗಿದ್ದ ನಮ್ಮ ಕಾಕಾ ಬೆಳಗಾವಿಗೆ ಹೋದವರು ಸಂಜೆಯ ಬಸ್ಸಿಗೆ ಮರಳಿ, ಧೋತರದಲ್ಲಿ ಸುತ್ತಿ ತಂದ ಪೊಟ್ಟಣವನ್ನು ಪಡಸಾಲೆಯಲ್ಲಿ ಬಿಚ್ಚಿದರು. ತೊಗಲಿನ ಚೀಲದೊಳಗಿಂದ ಹೊರಬಂದಿತು ಒಂದು ಕರಿಯ ಪೆಟ್ಟಿಗೆ, ಅಗ್ಫಾ ಕ್ಲಿಕ್ 'ಮೂರು'. ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದ, ಮಧ್ಯಮ ವರ್ಗದ ಮನೆಗಳಿಗೆ ಎಟಕುವ ಕ್ಯಾಮರಾ ಅದು. ಆ ವರ್ಷದ ಹತ್ತಿಯ ದುಡ್ಡಿನಲ್ಲಿ ಸ್ವಲ್ಪ, ತಮ್ಮ ಪಗಾರದಲ್ಲಿ ಸ್ವಲ್ಪ ಕೂಡಿಸಿ ಕಾಕಾ ಅದನ್ನು ಕೊಂಡಿದ್ದರು.

ಓಣಿಯ ಮಕ್ಕಳೆಲ್ಲ ನೆರೆದರು. ಮುಟ್ಟಲು ಯಾರಿಗೂ ಅಪ್ಪಣೆಯಿಲ್ಲ, ನೋಡಲು ಮಾತ್ರ. ಕಾಕಾ ಕಂದೀಲಿನ ಬೆಳಕಿನಲ್ಲಿ ಒಂದೊಂದನ್ನೇ ತೋರಿಸಿದರು. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು. ಬೆನ್ನಿಗೆ ಒಂದು ಕೆಂಪು ಕಿಟಕಿ. ರೋಲು ಸುತ್ತುತ್ತ ಹೋದರೆ ಆ ಕಿಟಕಿಯಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಕಾಣುತ್ತದೆ. ಒಂದು ಚಿತ್ರ ತೆಗೆದ ಮೇಲೆ ಮುಂದಿನ ಅಂಕಿಗೆ ಸುತ್ತುವುದನ್ನು ಮರೆತರೆ ಚಿತ್ರದ ಮೇಲೆ ಚಿತ್ರ ಬೀಳುತ್ತದೆ. ಅಂಕಿ ಹನ್ನೆರಡಕ್ಕೆ ಮುಗಿಯಿತು.

“ಹನ್ನೆರಡ ಅಷ್ಟನ ಕಾಕಾ?” ಎಂದು ನಮ್ಮ ಅಣ್ಣ ಕೇಳಿದ.

“ಹನ್ನೆರಡ. ನೋಡಿ ತಗೀಬೇಕು,” ಎಂದರು ಕಾಕಾ.

ಒಳಗಿನ ರೋಲಿನ ಮರ್ಮವನ್ನೂ ಅಂದೇ ತಿಳಿಸಿದರು. ಫಿಲ್ಮಿಗೆ ಬೆಳ್ಳಿಯ ಲವಣದ ಲೇಪವಿರುತ್ತದೆ. ಬೆಳಕು ಬಿದ್ದಲ್ಲಿ ಅದು ಮಾರ್ಪಡುತ್ತದೆ. ಕತ್ತಲ ಕೋಣೆಯಲ್ಲಿ ರಸಾಯನದಿಂದ ತೊಳೆದಾಗ ಆ ಭಾಗ ಕಪ್ಪಾಗುತ್ತದೆ. ಹೀಗೆ ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಮೂಡಿದ ನೆಗೆಟಿವಿನಿಂದ ಮತ್ತೆ ಕಾಗದದ ಮೇಲೆ ಸರಿಯಾದ ಚಿತ್ರ ಬರುತ್ತದೆ. ರೋಲನ್ನು ಬಿಸಿಲಿಗೆ ಬಿಚ್ಚಿ ನೋಡಿದರೆ ಎಲ್ಲವೂ ಹಾಳು. ಈ ಮಾತನ್ನು ಕಾಕಾ ನಮ್ಮ ಅಣ್ಣನ ಮುಖ ನೋಡುತ್ತ ಎರಡು ಸಲ ಹೇಳಿದರು.

ಹನ್ನೆರಡೇ ಹನ್ನೆರಡು

ಮರುದಿನದಿಂದ ಮನೆಯಲ್ಲಿ ಲೆಕ್ಕಾಚಾರ ಆರಂಭವಾಯಿತು. ಅಜ್ಜನದೊಂದು, ಎತ್ತುಗಳದೊಂದು, ಮನೆಯ ಮುಂದೆ ಎಲ್ಲರದೊಂದು. ಎಳ್ಳಮಾವಾಸ್ಯೆಗೆ ನಾಲ್ಕು ಕಾದಿರಿಸಬೇಕು. ಶಾಲೆಯವರು ಕಿತ್ತೂರು ಕೋಟೆ ತೋರಿಸಲು ಹೊರಟಿದ್ದರು, ಅದಕ್ಕೆ ಎರಡು. ನಮ್ಮ ಅಜ್ಜ ಪೇಟ ಸುತ್ತಿ, ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟಿ, ಉಸಿರು ಬಿಗಿಹಿಡಿದು ನಿಂತರು. ಕಾಕಾ ಗುಂಡಿ ಒತ್ತಿದ ಮೇಲೂ ಅವರು ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ಅಜ್ಜಿಯ ಚಿತ್ರ ತೆಗೆಯಬೇಕೆಂದು ಕಾಕಾ ಒಂದು ಮುಂಜಾನೆ ಅಡುಗೆಮನೆಯ ಬಾಗಿಲಿಗೆ ಬಂದರು. ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಸೂರಿನ ಬೆಳಕಿಂಡಿಯಿಂದ ಒಂದು ಕೋಲಿನಷ್ಟು ಬಿಸಿಲು ಹೊಗೆಯೊಳಗೆ ಇಳಿದಿತ್ತು. ಆ ಕ್ಯಾಮರಾಕ್ಕೆ ಅಷ್ಟು ಬೆಳಕು ಸಾಲದು.

“ಯವ್ವಾ, ಒಂದೀಟ ಹೊರಗ ಬಾ. ಬಿಸಲಾಗ ಕುಂದ್ರು, ಫೋಟೋ ತಗೀತೇನಿ.”

“ರೊಟ್ಟಿ ಹೊತ್ತತಾವೋ ಯಪ್ಪಾ. ನೀವ ತಗಸ್ಕೋರಿ ಹೋಗ್ರಿ. ನನ್ನ ಫೋಟೋ ತಗೊಂಡ ಏನ ಮಾಡ್ತಿ?”

ನಾವೆಲ್ಲ ನಕ್ಕೆವು. ಕಾಕಾ ಹಿಂದಿರುಗಿದರು. ನಾಳೆ ತೆಗೆದರಾಯಿತು, ಅಜ್ಜಿ ಎಲ್ಲಿ ಹೋಗುತ್ತಾರೆ ಎಂಬ ಭಾವನೆ ಎಲ್ಲರಲ್ಲಿಯೂ ಇದ್ದಿತು.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ನಾಲ್ಕು ಚಿತ್ರಗಳಾದವು. ಅವುಗಳಲ್ಲಿ ಎರಡು ಒಂದರ ಮೇಲೊಂದು ಬಿದ್ದವು. ಇಂದಿಗೂ ಆ ಚಿತ್ರದಲ್ಲಿ ಚರಗ ಚೆಲ್ಲುತ್ತಿರುವ ನಮ್ಮ ತಂದೆಯವರ ಎದೆಯೊಳಗೆ ಒಂದು ಚಕ್ಕಡಿಯ ಗಾಲಿ ಕಾಣುತ್ತದೆ. ರೋಲು ಮುಗಿದ ಮೇಲೆ ಕಾಕಾ ನಮ್ಮನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಹೋಗಿ, ಅಲ್ಲಿಯ ಒಂದು ಸ್ಟುಡಿಯೋದಲ್ಲಿ ಅದನ್ನು ತೊಳೆಯಲು ಕೊಟ್ಟರು. ಎಂಟು ದಿನ ಕಾಯಬೇಕೆಂದರು.

ರಾಣಿಗೂ ಇಲ್ಲದ ಭಾವಚಿತ್ರ

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಕಾಕಾ ನಮ್ಮನ್ನು ಕಿತ್ತೂರು ರಾಣಿ ಚನ್ನಮ್ಮನ ಸಮಾಧಿಗೆ ಕರೆದೊಯ್ದರು. ಕೈಮುಗಿದು ನಿಂತಾಗ ನಾವು ಕೇಳಿದೆವು: “ಕಾಕಾ, ರಾಣಿಯ ಖರೇ ಫೋಟೋ ಎಲ್ಲಿ ಐತಿ?” ಕಾಕಾ ತುಸು ಯೋಚಿಸಿ, “ಇಲ್ಲಪಾ. ಆಗ ಕ್ಯಾಮರಾನ ಇರಲಿಲ್ಲ,” ಎಂದರು.

ಆ ಉತ್ತರದ ಪೂರ್ಣ ಅರ್ಥ ನಮಗಾದುದು ಮುಂದೆ ಓದಿ ತಿಳಿದ ಮೇಲೆ. ಚನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕಿತ್ತೂರಿನ ಮುಂದೆ ಉರುಳಿಸಿದುದು ೧೮೨೪ರ ಅಕ್ಟೋಬರ್ ೨೩ರಂದು. ಅದೇ ವರ್ಷದ ಡಿಸೆಂಬರಿನ ಚಳಿಯಲ್ಲಿ ಕೋಟೆ ಇಂಗ್ಲಿಷರ ವಶವಾಯಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ರಾಣಿ ೧೮೨೯ರಲ್ಲಿ ಲಿಂಗೈಕ್ಯಳಾದಳು. ಫ್ರಾನ್ಸಿನ ಲೂಯಿ ದಾಗೇರ್ ಕಂಡುಹಿಡಿದ ಛಾಯಾಗ್ರಹಣದ ವಿಧಾನವನ್ನು ಪ್ಯಾರಿಸಿನಲ್ಲಿ ಜಗತ್ತಿಗೆ ಬಹಿರಂಗಪಡಿಸಿದುದು ೧೮೩೯ರ ಆಗಸ್ಟ್ ೧೯ರಂದು. ಕೇವಲ ಹತ್ತು ವರ್ಷಗಳ ಅಂತರ! ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಮುಖವೂ ಯಾವ ಕ್ಯಾಮರಾಕ್ಕೂ ದೊರೆಯಲಿಲ್ಲ. ೨೦೦೭ರಲ್ಲಿ ಸಂಸತ್ ಭವನದ ಆವರಣದಲ್ಲಿ ನಿಲ್ಲಿಸಿದ ಚನ್ನಮ್ಮನ ಪ್ರತಿಮೆಯೂ ಶಿಲ್ಪಿಯ ಭಕ್ತಿಯಿಂದ ಮೂಡಿದುದೇ ಹೊರತು ಛಾಯಾಚಿತ್ರದಿಂದಲ್ಲ.

ನಮ್ಮ ಭಾಗಕ್ಕೆ ಕ್ಯಾಮರಾ ಬಂದುದು ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿ. ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೂ, ನೀಲ್ ಎಂಬ ಮೂವರು ತೆಗೆದ ಚಿತ್ರಗಳನ್ನು ಕೂಡಿಸಿ, ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವನ್ನು ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಲಾಯಿತು. ೧೮೭೪ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪುರಾತನ ಗುಡಿಗಳ ಸಮೀಕ್ಷೆ ಕೈಗೊಂಡರು. ಅವರು ಕೆಲಸ ಆರಂಭಿಸಿದುದೂ ಜನವರಿಯ ಚಳಿಗಾಲದಲ್ಲಿಯೇ. ಇವರೆಲ್ಲರ ಕ್ಯಾಮರಾ ಹೆಚ್ಚಾಗಿ ತಿರುಗಿದುದು ಕಂಬ, ಗೋಪುರ, ಶಾಸನಗಳ ಕಡೆಗೆ. ಅವರ ಆಸಕ್ತಿ ಇದ್ದುದು ಅಲ್ಲಿಯೇ ಎಂಬುದು ಒಂದು ಕಾರಣ. ಆ ಕಾಲದ ಕ್ಯಾಮರಾಕ್ಕೆ ಬಹಳ ಹೊತ್ತು ಬೆಳಕು ಬೇಕಾಗುತ್ತಿದ್ದಿತು, ಕಲ್ಲು ಅಲುಗಾಡದೆ ನಿಲ್ಲುತ್ತದೆ ಎಂಬುದು ಇನ್ನೊಂದು. ಗುಡಿಯ ಚಿತ್ರ ಉಳಿಯಿತು. ಆ ಗುಡಿಯ ನೆರಳಿನಲ್ಲಿ ಬದುಕಿದ ಮನೆಗಳ ಒಲೆ, ಬೀಸುಕಲ್ಲು, ಮಗ್ಗಗಳ ಮುಂದೆ ಕುಳಿತವರ ಚಿತ್ರಗಳು ತೀರ ವಿರಳ.

ಕೈ ಮಾತ್ರ

ಎಂಟು ದಿನಗಳ ನಂತರ ಫೋಟೋಗಳು ಬಂದವು. ಹನ್ನೆರಡರಲ್ಲಿ ಒಂಬತ್ತು ಸರಿಯಾಗಿದ್ದವು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. ಎತ್ತುಗಳ ಚಿತ್ರವನ್ನು ಎರಡು ಸಲ ನೋಡಿದರು. ತಮ್ಮ ಚಿತ್ರವಿಲ್ಲವೆಂಬುದನ್ನು ಅವರು ಗಮನಿಸಿದರೋ ಇಲ್ಲವೋ ನಾವರಿಯೆವು.

ಮುಂದಿನ ಚಳಿಗಾಲದಲ್ಲಿ ಇನ್ನೊಂದು ರೋಲು ಬಂದಿತು. ಅದು ಅಕ್ಕನ ಮದುವೆಗೆ ಖರ್ಚಾಯಿತು. ಮದುವೆಯಲ್ಲಿಯೂ ಅಜ್ಜಿ ಒಳಗಿನ ಕೆಲಸದಲ್ಲಿಯೇ ಇದ್ದರು. ಆಮೇಲೆ ಕ್ಯಾಮರಾ ಟ್ರಂಕನ್ನು ಸೇರಿತು. ೧೯೮೧ರ ಶ್ರಾವಣದಲ್ಲಿ ಅಜ್ಜಿ ಲಿಂಗೈಕ್ಯರಾದರು.

ನಮ್ಮ ಸಮಾಜದ ಬಹಳಷ್ಟು ಮನೆಗಳಲ್ಲಿರುವ ರೂಢಿಯನ್ನು ಓದುಗರು ಬಲ್ಲರು. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿ, ಸಮಾಧಿಗೆ ಒಯ್ಯುವ ಮೊದಲು ಮನೆಮಂದಿಯೆಲ್ಲ ಸುತ್ತ ಕುಳಿತು ಭಾವಚಿತ್ರ ತೆಗೆಸುತ್ತಾರೆ. ಅಂದು ನಮ್ಮ ಮನೆಗೂ ಫೋಟೋದವರು ಬಂದರು. ಅಜ್ಜಿಯೊಡನೆ ನಾವೆಲ್ಲರೂ ಕುಳಿತಿರುವ ಒಂದೇ ಒಂದು ಚಿತ್ರ ನಮ್ಮಲ್ಲಿದೆ. ಅದರಲ್ಲಿ ಅಜ್ಜಿಯ ಕಣ್ಣುಗಳು ಮುಚ್ಚಿವೆ.

ಆ ಚಿತ್ರವನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಎಷ್ಟೋ ವರ್ಷಗಳ ನಂತರ ಹಳೆಯ ಫೋಟೋಗಳನ್ನು ಹರಡಿಕೊಂಡು ಕುಳಿತಾಗ, ಎಳ್ಳಮಾವಾಸ್ಯೆಯ ಒಂದು ಚಿತ್ರದ ಕಡೆಗೆ ನಮ್ಮ ಅಣ್ಣ ಬೆರಳು ಮಾಡಿದ. ಮಕ್ಕಳು ಸಾಲಾಗಿ ಉಣ್ಣಲು ಕುಳಿತಿದ್ದೇವೆ. ಎಡದ ಅಂಚಿನಿಂದ ಒಂದು ಕೈ ಚಾಚಿ ಸಜ್ಜಿರೊಟ್ಟಿ ಬಡಿಸುತ್ತಿದೆ. ಮುಂಗೈಯ ಮೇಲೆ ಹಚ್ಚೆಯ ಚುಕ್ಕಿಗಳು. ಅದು ಅಜ್ಜಿಯ ಕೈ. ಮುಖ ಚೌಕಟ್ಟಿನ ಹೊರಗಿದೆ. ಬದುಕಿದ್ದ ಅಜ್ಜಿಯದೆಂದು ನಮಗೆ ಉಳಿದಿರುವುದು ಅಷ್ಟೇ.

ಈ ವರ್ಷದ ಚರಗ

ಈಗ ಕಾಲ ಬದಲಾಗಿದೆ. ಉದಕಮಂಡಲದ ಸರಕಾರಿ ಫಿಲ್ಮು ಕಾರ್ಖಾನೆ ಮುಚ್ಚಿಹೋಗಿದೆ. ಕುರಿ ಕಾಯುವ ಹುಡುಗನ ಕಿಸೆಯಲ್ಲಿಯೂ ಕ್ಯಾಮರಾ ಇದೆ. ಹನ್ನೆರಡರ ಲೆಕ್ಕ ಯಾರಿಗೂ ಬೇಕಿಲ್ಲ. ಆದರೂ ಕಳೆದ ಚಳಿಗಾಲದಲ್ಲಿ ನಮ್ಮ ಅಣ್ಣನ ಮೊಮ್ಮಗಳಿಗೆ, ಹೈಸ್ಕೂಲಿನಲ್ಲಿ ಓದುವ ಹುಡುಗಿಗೆ, ಅವಳ ತಂದೆ ಹೊಸ ಕ್ಯಾಮರಾ ಕೊಡಿಸಿದಾಗ ಮನೆಯಲ್ಲಿ ಅದೇ ಹಳೆಯ ಗದ್ದಲ. ಹುಡುಗಿ ರಾತ್ರಿ ಅದನ್ನು ತಲೆದಿಂಬಿನ ಬಳಿ ಇಟ್ಟುಕೊಂಡೇ ಮಲಗಿದಳು. ಮುಂಜಾನೆ ಇಬ್ಬನಿ ಹೊತ್ತ ಕಡಲೆಗಿಡ, ಬಾಯಿಂದ ಹಬೆ ಬಿಡುವ ಎಮ್ಮೆ, ಬೆಂಕಿ ಕಾಯಿಸುವ ಮುದುಕರು, ಯಾರನ್ನೂ ಬಿಡಲಿಲ್ಲ.

ಎಳ್ಳಮಾವಾಸ್ಯೆಯ ನಸುಕಿನಲ್ಲಿ ನಮ್ಮ ವೈನಿ ಅಡುಗೆಮನೆಯಲ್ಲಿ ಕಡುಬು, ರೊಟ್ಟಿಗಳ ಸಿದ್ಧತೆಯಲ್ಲಿದ್ದರು. ಹುಡುಗಿ ಬಾಗಿಲಿಗೆ ನಿಂತು, “ಅಜ್ಜೀ, ಇತ್ತಾಗ ನೋಡು,” ಎಂದಳು. “ಹೋಗವ್ವಾ, ನನಗೇನ ತಗೀತಿ, ಹಿಟ್ಟ ಮೆತ್ತಿದ ಕೈ,” ಎಂದರು ವೈನಿ. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಅಣ್ಣ ಪೂಜೆಯ ಕೋಣೆಯಿಂದಲೇ ಎದ್ದು ಬಂದು, “ತಗೀ ತಂಗೀ, ಬಿಡಬ್ಯಾಡ. ಹಂಗ ಇದ್ದಂಗ ತಗೀ,” ಎಂದ. ಒಲೆಯ ಬೆಳಕೇ ಆ ಕ್ಯಾಮರಾಕ್ಕೆ ಸಾಕಾಯಿತು. ವೈನಿಯನ್ನು ಹೊರಗೆ ಕರೆಯುವ ಪ್ರಸಂಗವೇ ಬರಲಿಲ್ಲ.

ಆ ಚಿತ್ರವನ್ನು ನಾವು ಸವದತ್ತಿಗೆ ಹೋಗಿ ಕಾಗದದ ಮೇಲೆ ಮುದ್ರಿಸಿ ತಂದೆವು. ಮೊಬೈಲಿನಲ್ಲಿ ಸಾವಿರ ಚಿತ್ರಗಳಿದ್ದರೂ ಅದು ನೀರಿಗೆ ಬಿದ್ದರೆ, ಕಳೆದುಹೋದರೆ ಒಂದೂ ಉಳಿಯುವುದಿಲ್ಲ ಎಂಬುದು ಈಗ ಅನೇಕ ಮನೆಗಳ ಅನುಭವ. ಓದುಗ ಬಂಧುಗಳಲ್ಲಿ ಕೆಲವು ವಿನಂತಿಗಳಿವೆ. ವರ್ಷಕ್ಕೆ ಹತ್ತಾದರೂ ಚಿತ್ರಗಳನ್ನು ಆರಿಸಿ ಕಾಗದದ ಮೇಲೆ ಮುದ್ರಿಸಿರಿ. ಬೆನ್ನಿಗೆ ಸೀಸದ ಕಡ್ಡಿಯಿಂದ ಹಗುರವಾಗಿ ಹೆಸರು, ಊರು, ವರ್ಷ ಬರೆಯಿರಿ. ಶಾಯಿ ಕಾಲಕ್ರಮದಲ್ಲಿ ಮುಂಬದಿಗೆ ಇಳಿಯಬಹುದು. ಬಣ್ಣದ ಚಿತ್ರಗಳು ಬಿಸಿಲಿಗೆ ಮಾಸುತ್ತವೆ. ನೇರ ಬಿಸಿಲು ಬೀಳುವ ಗೋಡೆಗೆ ಹಾಕದಿರಿ. ಹಳೆಯ ನೆಗೆಟಿವುಗಳನ್ನು ಮಳೆಗಾಲದ ತೇವದಿಂದ ಕಾಪಾಡಿರಿ, ಬೂಸು ಹಿಡಿದರೆ ಮರಳಿ ಬರಲಾರವು. ಮುಖ್ಯವಾದ ಚಿತ್ರದ ಒಂದು ಪ್ರತಿ ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇರಲಿ.

ಎಲ್ಲಕ್ಕಿಂತ ಹೆಚ್ಚಾಗಿ, ಹಿರಿಯರನ್ನು ಪೇಟ, ರೇಶಿಮೆ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದ ಚಿತ್ರದ ಜೊತೆಗೆ ಅವರು ಕೆಲಸದಲ್ಲಿರುವಾಗಿನ ಚಿತ್ರವನ್ನೂ ತೆಗೆಯಿರಿ. ಬಿತ್ತುವಾಗ, ನೇಯುವಾಗ, ರೊಟ್ಟಿ ಬಡಿಯುವಾಗ, ಕುಸುರೆಳ್ಳು ಮಾಡುವಾಗ ತೆಗೆಯಿರಿ. ಕಾಯಕಕ್ಕೆ ಶರಣರು ಕೊಟ್ಟ ಗೌರವವನ್ನು ಬಾಯಲ್ಲಿ ಹೇಳುವ ನಾವು, ನಮ್ಮ ಮನೆಯ ಕಾಯಕಜೀವಿಗಳ ಮುಖವನ್ನು ಕಣ್ಣು ತೆರೆದಿರುವಾಗಲೇ ಉಳಿಸಿಕೊಳ್ಳದಿದ್ದರೆ ಹೇಗೆ?

ನಮ್ಮ ಪಡಸಾಲೆಯಲ್ಲಿ ಈಗ ಅಜ್ಜಿಯ ಭಾವಚಿತ್ರದ ಕೆಳಗೆ ವೈನಿಯ ಆ ಚಿತ್ರವಿದೆ. ವೈನಿ ದಿನಕ್ಕೊಮ್ಮೆಯಾದರೂ ಅದನ್ನು ತೆಗೆಯಿರೆಂದು ಹೇಳುತ್ತಾರೆ. ಬಂದವರೆಲ್ಲ ನೋಡುತ್ತಾರೆಂದು ಅವರಿಗೆ ನಾಚಿಕೆ. ನಾವು ತೆಗೆದಿಲ್ಲ.